ಮುಚ್ಚಿದ ಬಾಗಿಲು ಮತ್ತು ರೋಬೋಟ್: ಗುರುತಿಸುವುದರಿಂದ ಹೊಸ್ತಿಲು ದಾಟುವವರೆಗೆ ಸಮಗ್ರ ಮಾರ್ಗದರ್ಶಿ

ಬಾಗಿಲ ಮುಂದೆ ರೋಬೋಟ್ ಸೋತಾಗ ಎಲ್ಲರ ಕಣ್ಣೂ ಮೊದಲು ಅದರ ಕೈಯ ಮೇಲೆ ಬೀಳುತ್ತದೆ. ಗ್ರಿಪ್ಪರ್ ಬದಲಿಸುತ್ತಾರೆ, ಮೋಟಾರಿನ ಬಲ ಏರಿಸುತ್ತಾರೆ. ಮರುದಿನ ಅದೇ ಬಾಗಿಲು, ಅದೇ ಸೋಲು. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತರಹ: "ಹಿಡಿಕೆ ಸಿಕ್ಕಿತು, ಹಿಡಿಯಿತು, ಎಳೆಯಿತು, ಅರ್ಧಕ್ಕೆ ನಿಂತುಬಿಟ್ಟಿತು. ಯಾಕೆ ಸರ್?" ಲಾಗ್ ಬಿಚ್ಚಿ ನೋಡಿದರೆ ತಪ್ಪು ಎಳೆಯುವಲ್ಲಿ ಇರುವುದು ಅಪರೂಪ. ನಿಂತ ಜಾಗವೇ ಹತ್ತು ಸೆಂಟಿಮೀಟರ್ ಆಚೀಚೆ ಆಗಿರುತ್ತದೆ, ಇಲ್ಲವೇ ಹಿಂಜ್ ಯಾವ ಕಡೆ ಎಂದು ಖಾತ್ರಿಯಾಗುವ ಮೊದಲೇ ಕೈ ಚಾಚಿರುತ್ತದೆ. ಸೋಲು ಕಾಣುವ ಹಂತಕ್ಕಿಂತ ಅದು ಹುಟ್ಟಿದ ಹಂತ ಹೆಚ್ಚಾಗಿ ಒಂದೆರಡು ಹೆಜ್ಜೆ ಹಿಂದಿರುತ್ತದೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಪದಗಳ ಬಗ್ಗೆ ಒಂದು ಮಾತು. ತಿರುಗುವ ಹಲಗೆಯನ್ನು ಕದ ಎನ್ನುತ್ತೇನೆ, ಗೋಡೆಗೆ ಕೂತ ಚೌಕಟ್ಟನ್ನು ದಾರಂದ. ಹಿಡಿಕೆ ತಿರುಗಿಸಿದಾಗ ಒಳಕ್ಕೆ ಸರಿಯುವ ತುಂಡು ಚಿಲಕದ ನಾಲಿಗೆ.

## ಶುರುಮಾಡುವ ಮೊದಲು ಏನೇನು ಬೇಕು

ರೋಬೋಟ್ ಕಡೆಯಿಂದ: ಒಂದು 2ಡಿ ಲಿಡಾರ್ (ಲೇಸರ್ ಕಿರಣ ಬಿಟ್ಟು ಸುತ್ತಲಿನ ದೂರ ಅಳೆಯುವ ಸೆನ್ಸರ್), ಒಂದು ಡೆಪ್ತ್ ಕ್ಯಾಮೆರಾ (ಚಿತ್ರದ ಪ್ರತಿ ಬಿಂದುವಿನ ದೂರವನ್ನೂ ಹೇಳುವ ಕ್ಯಾಮೆರಾ), ಮಣಿಕಟ್ಟಿನಲ್ಲಿ ಬಲ ಅಳೆಯುವ ಸೆನ್ಸರ್. ಸೆನ್ಸರ್ ಇಲ್ಲದಿದ್ದರೆ ಕೀಲುಗಳ ಮೋಟಾರ್ ಕರೆಂಟನ್ನಾದರೂ ಓದಲು ಬರಬೇಕು. ಬಲದ ಸುಳಿವೇ ಇಲ್ಲದ ಕೈಯಿಂದ ಬಾಗಿಲು ತೆರೆಸಲು ಹೋಗಬೇಡಿ. ಕದ ಬಾರದಿದ್ದಾಗ ಅದು ನಿಲ್ಲುವುದಿಲ್ಲ, ಏನಾದರೂ ಮುರಿದ ಮೇಲೆಯೇ ನಿಲ್ಲುತ್ತದೆ.

ನಿಮ್ಮ ಕಡೆಯಿಂದ: ಅಳತೆ ಟೇಪು, ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ಕೈಗೆಟಕುವ ತುರ್ತು ನಿಲುಗಡೆ ಬಟನ್, ಮತ್ತು ಬಾಗಿಲಿನ ಆಚೆ ಬದಿಯಲ್ಲಿ ನಿಲ್ಲಲು ಇನ್ನೊಬ್ಬರು. ಈ ಕೊನೆಯದನ್ನು ಬಿಡುವವರೇ ಹೆಚ್ಚು. ಕದದ ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂಬುದು ರೋಬೋಟಿಗೂ ಕಾಣದು, ನಿಮಗೂ ಕಾಣದು.

## ಹಂತ 1: ಬಾಗಿಲನ್ನು ನೀವೇ ಅಳೆಯಿರಿ

ಒಂದು ಸಾಲು ಕೋಡ್ ಬರೆಯುವ ಮೊದಲು ಬಾಗಿಲಿನ ಹತ್ತಿರ ಹೋಗಿ. ಕದದ ಅಗಲ, ಹಿಂಜ್ ಎಡಕ್ಕೋ ಬಲಕ್ಕೋ, ನಿಮ್ಮ ಕಡೆಯಿಂದ ತಳ್ಳುವುದೋ ಎಳೆಯುವುದೋ, ಹಿಡಿಕೆಯ ಎತ್ತರ, ಹಿಡಿಕೆಯಿಂದ ಹಿಂಜ್‌ಗೆ ಇರುವ ದೂರ, ಹೊಸ್ತಿಲಿನ ಎತ್ತರ, ಮೇಲೆ ಡೋರ್ ಕ್ಲೋಸರ್ (ಕದವನ್ನು ತಾನಾಗಿ ಮುಚ್ಚುವ ಸಾಧನ) ಇದೆಯೋ ಇಲ್ಲವೋ, ಎಲ್ಲವನ್ನೂ ಬರೆದುಕೊಳ್ಳಿ.

ಆಮೇಲೆ ತಕ್ಕಡಿ. ಚಿಲಕದ ನಾಲಿಗೆ ಒಳಗೇ ಇರುವಂತೆ ಹಿಡಿಕೆಯನ್ನು ಒತ್ತಿ ಹಿಡಿದು, ಕೊಕ್ಕೆಯನ್ನು ಹಿಡಿಕೆಯ ಬುಡಕ್ಕೆ ಸಿಕ್ಕಿಸಿ, ಕದಕ್ಕೆ ಲಂಬವಾಗಿ ನಿಧಾನ ಎಳೆಯಿರಿ. ಕದ ಅಲುಗುವ ಕ್ಷಣದ ಅಂಕಿ ಒಂದು, ಅರ್ಧ ತೆರೆದಾಗಿನ ಅಂಕಿ ಇನ್ನೊಂದು. ತಕ್ಕಡಿ 2 ಕಿಲೋ ತೋರಿಸಿದರೆ ಸುಮಾರು 20 ನ್ಯೂಟನ್ ಎಂದು ಲೆಕ್ಕ. ಹೋಲಿಸಲು ಒಂದು ಅಂಕಿ ಹೇಳುತ್ತೇನೆ: ಅಂಗವಿಕಲರ ಅನುಕೂಲಕ್ಕಾಗಿ ಇರುವ ಅಮೆರಿಕದ ಎಡಿಎ ಮಾನದಂಡದ ಪ್ರಕಾರ ಒಳಾಂಗಣದ ಹಿಂಜ್ ಬಾಗಿಲನ್ನು ತೆರೆಯಲು 5 ಪೌಂಡ್, ಅಂದರೆ ಸುಮಾರು 22 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. ಬೆಂಕಿ ತಡೆಯುವ ಬಾಗಿಲುಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ, ಅವು ಇದಕ್ಕಿಂತ ಬಿಗಿಯಾಗಿರಬಹುದು.

ಈ ಅಂಕಿಯನ್ನು ರೋಬೋಟಿನ ಸ್ಥಿರತೆಯ ಪಕ್ಕದಲ್ಲಿಟ್ಟು ನೋಡಿ. 25 ಕಿಲೋ ತೂಕದ ರೋಬೋಟ್, ಗುರುತ್ವ ಕೇಂದ್ರದಿಂದ ಚಕ್ರದ ಅಂಚಿಗೆ 20 ಸೆಂಟಿಮೀಟರ್ ಎಂದುಕೊಳ್ಳಿ. ಅದನ್ನು ಮಗುಚಲು ಸುಮಾರು 49 ನ್ಯೂಟನ್ ಮೀಟರ್ ಸಾಕು. ಅಂದರೆ ಒಂದು ಮೀಟರ್ ಎತ್ತರದ ಹಿಡಿಕೆಯಲ್ಲಿ 49 ನ್ಯೂಟನ್ ಬಲ ಹಾಕಿದರೆ ಚಕ್ರ ನೆಲ ಬಿಡುತ್ತದೆ. ಕೈ ಮುಂದಕ್ಕೆ ಚಾಚಿದರೆ ಗುರುತ್ವ ಕೇಂದ್ರವೂ ಮುಂದಕ್ಕೆ ಸರಿಯುವುದರಿಂದ ಎಳೆಯುವಾಗ ಇನ್ನೂ ಕಡಿಮೆ ಬಲಕ್ಕೇ ಮಗುಚುತ್ತದೆ. ನಾನು ಈ ಲೆಕ್ಕದ ಅರ್ಧಕ್ಕಿಂತ ಹೆಚ್ಚು ಬಲಕ್ಕೆ ಅನುಮತಿ ಕೊಡುವುದಿಲ್ಲ. ಬಾಗಿಲು ಅದಕ್ಕಿಂತ ಹೆಚ್ಚು ಕೇಳಿದರೆ ಆ ಬಾಗಿಲು ಈ ರೋಬೋಟಿನದಲ್ಲ. ಆಟೋಮ್ಯಾಟಿಕ್ ಓಪನರ್ ಹಾಕಿಸಿ, ಇಲ್ಲವೇ ದಾರಿ ಬದಲಿಸಿ.

## ಹಂತ 2: ಬಾಗಿಲನ್ನು ಗುರುತಿಸುವುದು

ಕ್ಯಾಮೆರಾದ ಮುಂದೆ ನ್ಯೂರಲ್ ನೆಟ್‌ವರ್ಕ್ ಕೂರಿಸಿ "ಬಾಗಿಲು ಹುಡುಕು" ಎನ್ನುವುದು ಎಲ್ಲರ ಮೊದಲ ಯೋಚನೆ. ಅದು ಬೇಕಾಗುತ್ತದೆ, ಆದರೆ ಮೊದಲಿಗಲ್ಲ. ಒಂದೇ ಕಟ್ಟಡದೊಳಗೆ ಓಡಾಡುವ ರೋಬೋಟಿಗೆ ಬಾಗಿಲುಗಳು ಎಲ್ಲಿವೆ ಎಂಬುದು ನಕ್ಷೆಯಲ್ಲೇ ಇರಬೇಕು. ಹಂತ 1ರಲ್ಲಿ ಅಳೆದದ್ದನ್ನೆಲ್ಲ ಆ ಬಾಗಿಲಿನ ಹೆಸರಿನಲ್ಲಿ ನಕ್ಷೆಗೆ ಸೇರಿಸಿ. ಆಗ ಸೆನ್ಸರ್‌ಗಳಿಗೆ ಉಳಿಯುವ ಪ್ರಶ್ನೆ ಎರಡೇ: ದಾರಂದ ಈಗ ನನ್ನಿಂದ ನಿಖರವಾಗಿ ಎಲ್ಲಿದೆ? ಕದ ಎಷ್ಟು ಡಿಗ್ರಿ ತೆರೆದಿದೆ?

ದಾರಂದಕ್ಕೆ ಲಿಡಾರ್ ಸಾಕು. ಎರಡೂ ಬದಿಯ ಗೋಡೆಗಳಿಗೆ ಗೆರೆ ಹೊಂದಿಸಿ, ಅವು ಮುರಿಯುವ ಎರಡು ಮೂಲೆಗಳನ್ನು ಹಿಡಿಯಿರಿ. ದೂರದಿಂದ ಮಾಡಬೇಡಿ. ಒಂದು ಡಿಗ್ರಿಗೊಂದು ಕಿರಣ ಬಿಡುವ ಲಿಡಾರ್‌ನಲ್ಲಿ ಮೂರು ಮೀಟರ್ ಆಚೆ ಎರಡು ಬಿಂದುಗಳ ನಡುವೆ 5 ಸೆಂಟಿಮೀಟರ್ ಅಂತರ ಇರುತ್ತದೆ. ಒಂದೂವರೆ ಮೀಟರ್‌ಗೆ ಬಂದು ನಿಂತು, ಹಲವು ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ಅಳೆಯಿರಿ.

ಕದದ ಕೋನಕ್ಕೆ ಡೆಪ್ತ್ ಕ್ಯಾಮೆರಾ. ದಾರಂದದೊಳಗಿನ ಬಿಂದುಗಳನ್ನಷ್ಟೇ ಇಟ್ಟುಕೊಂಡು ರ‍್ಯಾನ್‌ಸ್ಯಾಕ್ ವಿಧಾನದಿಂದ (ದಾರಿ ತಪ್ಪಿದ ಬಿಂದುಗಳನ್ನು ಬಿಟ್ಟು, ಹೆಚ್ಚಿನವು ಒಪ್ಪುವ ಆಕಾರ ಹುಡುಕುವ ಲೆಕ್ಕ) ಒಂದು ಸಮತಲ ಹೊಂದಿಸಿ. ಗೋಡೆಯ ಸಮತಲಕ್ಕೂ ಅದಕ್ಕೂ ನಡುವಿನ ಕೋನವೇ ಕದದ ಕೋನ. ಉತ್ತರ "ಮುಚ್ಚಿದೆ" ಅಥವಾ "ತೆರೆದಿದೆ" ಎಂದು ಮುಗಿಯಬಾರದು. ಕನಿಷ್ಠ ನಾಲ್ಕು ಸ್ಥಿತಿ ಬೇಕು: ಮುಚ್ಚಿದೆ, ಓರೆಯಾಗಿದೆ, ದಾಟುವಷ್ಟು ತೆರೆದಿದೆ, ಗೊತ್ತಾಗುತ್ತಿಲ್ಲ. ನಾಲ್ಕನೆಯದಿಲ್ಲದ ವ್ಯವಸ್ಥೆ ಗೊಂದಲವಾದಾಗಲೂ ಮೊದಲ ಮೂರರಲ್ಲಿ ಒಂದನ್ನು ಆರಿಸಿಕೊಂಡು ಮುನ್ನುಗ್ಗುತ್ತದೆ.

ಓರೆ ಬಾಗಿಲನ್ನು ಪ್ರತ್ಯೇಕವಾಗಿ ನೋಡಲು ಕಾರಣವಿದೆ. 90 ಸೆಂಟಿಮೀಟರ್ ಅಗಲದ ಕದ 10 ಡಿಗ್ರಿ ತೆರೆದಿದ್ದರೆ ಅಂಚು ಸುಮಾರು 16 ಸೆಂಟಿಮೀಟರ್ ಸರಿದಿರುತ್ತದೆ. ಆಗ ಹಿಡಿಕೆಯ ಗೊಡವೆಯೇ ಬೇಡ, ತಳ್ಳಿದರೆ ಅಥವಾ ಅಂಚು ಹಿಡಿದು ಎಳೆದರೆ ಆಯಿತು. ಇದನ್ನು "ಮುಚ್ಚಿದೆ" ಎಂದು ಓದಿದ ರೋಬೋಟ್ ಇಲ್ಲದ ಜಾಗದಲ್ಲಿ ಹಿಡಿಕೆ ಹುಡುಕುತ್ತದೆ.

ಗಾಜಿನ ಬಾಗಿಲು ಬೇರೆಯೇ ಕತೆ. ಲಿಡಾರ್ ಕಿರಣ ಗಾಜಿನ ಮೂಲಕ ಹಾದುಹೋಗುತ್ತದೆ, ಹೆಚ್ಚುಕಡಿಮೆ ನೇರವಾಗಿ ಬಡಿದಾಗ ಮಾತ್ರ ಮರಳುತ್ತದೆ. ಪರಿಣಾಮವಾಗಿ ಮುಚ್ಚಿದ ಗಾಜು "ತೆರೆದಿದೆ" ಎಂದು ಕಾಣುತ್ತದೆ. ಇಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಇರಲಿ, ಗಾಜು ಶಬ್ದದ ಅಲೆಯನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಜೊತೆಗೆ ನಕ್ಷೆಯಲ್ಲಿ "ಗಾಜು" ಎಂದು ಗುರುತು ಹಾಕಿ, ಆ ಬಾಗಿಲಿಗೆ ಲಿಡಾರ್‌ನ "ತೆರೆದಿದೆ"ಯನ್ನು ಒಂಟಿಯಾಗಿ ಎಂದೂ ನಂಬದಂತೆ ಮಾಡಿ.

ಗುರುತು ಅಂಟಿಸಲು ಅನುಮತಿ ಇದ್ದರೆ, ಕ್ಯಾಮೆರಾ ಓದಬಲ್ಲ ಕಪ್ಪುಬಿಳುಪು ಚೌಕ ಗುರುತುಗಳಾದ ಎರಡು ಏಪ್ರಿಲ್‌ಟ್ಯಾಗ್ ಬಳಸಿ, ಒಂದು ದಾರಂದದ ಪಕ್ಕದ ಗೋಡೆಗೆ, ಇನ್ನೊಂದು ಕದಕ್ಕೆ. ಎರಡರ ನಡುವಿನ ತಿರುವೇ ಕದದ ಕೋನ. ಕದಕ್ಕೆ ಮಾತ್ರ ಅಂಟಿಸಿ, ಅದನ್ನೇ ಸ್ಥಾನ ಕಂಡುಕೊಳ್ಳಲೂ ಬಳಸಿದವರನ್ನು ನೋಡಿದ್ದೇನೆ. ಕದ ತಿರುಗುತ್ತಿದ್ದಂತೆ ರೋಬೋಟ್ ತಾನೇ ತಿರುಗುತ್ತಿದ್ದೇನೆ ಎಂದುಕೊಂಡು ಗೋಡೆಗೆ ಹೋಗಿ ಒರಗುತ್ತದೆ.

## ಹಂತ 3: ನಿಲ್ಲುವ ಜಾಗ

ನನ್ನ ಅನುಭವದಲ್ಲಿ ಅತಿ ಹೆಚ್ಚು ಸೋಲು ಹುಟ್ಟುವುದು ಇಲ್ಲೇ. ದಯವಿಟ್ಟು ಈ ಹಂತಕ್ಕೆ ಸಮಯ ಕೊಡಿ.

ತಳ್ಳುವ ಬಾಗಿಲಿಗೆ ಲೆಕ್ಕ ಸುಲಭ: ದಾರಂದದ ಮಧ್ಯಕ್ಕಿಂತ ಸ್ವಲ್ಪ ಹಿಡಿಕೆಯ ಕಡೆಗೆ, ಕೈ ಪೂರ್ತಿ ಚಾಚದೆ ಮೊಣಕೈ ಇನ್ನೂ ಬಾಗಿರುವಷ್ಟು ಹತ್ತಿರ. ಕೈ ನೆಟ್ಟಗಾಗಿಬಿಟ್ಟರೆ ಅದಕ್ಕೆ ಕದದ ಚಾಪವನ್ನು ಹಿಂಬಾಲಿಸಲು ಜಾಗ ಉಳಿಯುವುದಿಲ್ಲ.

ಎಳೆಯುವ ಬಾಗಿಲಲ್ಲಿ ಕದ ರೋಬೋಟಿನ ಕಡೆಗೇ ಬರುತ್ತದೆ. ದಾರಂದದ ಎದುರಿಗೆ ನಿಂತರೆ ಕದ ಬಂದು ಚಕ್ರಕ್ಕೆ ತಾಗಿ ನಿಲ್ಲುತ್ತದೆ. "ಅರ್ಧಕ್ಕೆ ನಿಂತುಬಿಟ್ಟಿತು" ಎಂಬ ದೂರಿನ ಮೂಲ ಬಹುಪಾಲು ಇದೇ. ಹಿಂಜ್ ಅನ್ನು ಕೇಂದ್ರವಾಗಿಟ್ಟು ಕದದ ಅಗಲವನ್ನೇ ತ್ರಿಜ್ಯವಾಗಿ ನೆಲದ ಮೇಲೆ ಒಂದು ಕಾಲು ವೃತ್ತ ಎಳೆಯಿರಿ. ಸೀಮೆಸುಣ್ಣದಿಂದ ನಿಜವಾಗಿಯೂ ಎಳೆಯಿರಿ, ಒಮ್ಮೆ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ರೋಬೋಟಿನ ತಳ ಆ ಗೆರೆಯ ಹೊರಗೆ, ಹಿಡಿಕೆ ಇರುವ ಬದಿಯ ಗೋಡೆಯ ಕಡೆಗೆ ಇರಬೇಕು. ಅಷ್ಟು ಜಾಗವಿಲ್ಲದಿದ್ದರೆ ಎಳೆಯುತ್ತಾ ಹಿಂದೆ ಸರಿಯುವ ಚಲನೆಯನ್ನು ಮೊದಲೇ ಯೋಜಿಸಿ. ಕೈ ಮತ್ತು ಚಕ್ರ ಒಟ್ಟಿಗೆ ಚಲಿಸಬೇಕು, ಒಂದು ಮುಗಿದ ಮೇಲೆ ಇನ್ನೊಂದು ಎಂದರೆ ಆಗದು.

ಜಾಗಕ್ಕೆ ಬಂದ ಮೇಲೆ ದಾರಂದವನ್ನು ಮತ್ತೊಮ್ಮೆ ಅಳೆಯಿರಿ. ನ್ಯಾವಿಗೇಶನ್ "ತಲುಪಿದೆ" ಎಂದದ್ದನ್ನು ಹಾಗೇ ನಂಬಬೇಡಿ. ಅದರ ಸಹನೆಯ ಮಿತಿ 25 ಸೆಂಟಿಮೀಟರ್ ಎಂದಿದ್ದರೆ ಅಷ್ಟು ದೂರದಲ್ಲಿ ನಿಂತರೂ ಅದರ ಪಾಲಿಗೆ ಕೆಲಸ ಮುಗಿದಂತೆ.

## ಹಂತ 4: ಹಿಡಿಕೆ

ನಕ್ಷೆ ಹೇಳಿದ ಎತ್ತರದ ಸುತ್ತ ಒಂದು ಸಣ್ಣ ಪೆಟ್ಟಿಗೆಯಷ್ಟು ಜಾಗದಲ್ಲಿ ಮಾತ್ರ ಹುಡುಕಿ. ಕದದ ಸಮತಲದಿಂದ ಹೊರಚಾಚಿದ ಬಿಂದುಗಳನ್ನು ಗುಂಪು ಮಾಡಿದರೆ ಹಿಡಿಕೆ ಸಿಗುತ್ತದೆ.

ಸಿಗದಿದ್ದರೆ? ಹೊಳೆಯುವ ಉಕ್ಕಿನ ಹಿಡಿಕೆ ಡೆಪ್ತ್ ಚಿತ್ರದಲ್ಲಿ ಕಪ್ಪು ರಂಧ್ರದಂತೆ ಕಾಣುವುದುಂಟು, ಇನ್‌ಫ್ರಾರೆಡ್ ಬೆಳಕು ಬೇರೆಲ್ಲೋ ಪ್ರತಿಫಲಿಸಿ ಹೋಗಿರುತ್ತದೆ. ನಾನು ಎರಡು ದಿನ ಕೈಯ ಕ್ಯಾಲಿಬ್ರೇಶನ್ ತಿದ್ದುತ್ತಾ ಕೂತಿದ್ದೆ. ಗ್ರಿಪ್ಪರ್ ಪ್ರತಿ ಸಲವೂ ಹಿಡಿಕೆಯಿಂದ ಎರಡು ಬೆರಳು ಎಡಕ್ಕೆ ಹೋಗಿ ಗಾಳಿಯನ್ನು ಹಿಡಿದು, "ಹಿಡಿದಾಯಿತು" ಎನ್ನುತ್ತಿತ್ತು. ಕೊನೆಗೆ ಹಿಡಿಕೆಗೆ ಕಾಗದದ ಟೇಪು ಸುತ್ತಿದೆ. ಮೊದಲ ಪ್ರಯತ್ನಕ್ಕೇ ಸರಿಯಾಗಿ ಹಿಡಿಯಿತು. ಅದುವರೆಗೆ ಕ್ಯಾಮೆರಾ ಹಿಡಿಕೆಯನ್ನು ನೋಡಿಯೇ ಇರಲಿಲ್ಲ, ಅದರ ಬುಡದ ಮಂಕಾದ ಬಿಲ್ಲೆಯ ಅಂಚನ್ನು ಹಿಡಿಕೆ ಎಂದುಕೊಂಡಿತ್ತು. ಟೇಪು ಪರಿಹಾರವಲ್ಲ, ಪರೀಕ್ಷೆ. ಟೇಪು ಸುತ್ತಿದಾಗ ಸರಿಹೋದರೆ ತಪ್ಪು ಕಣ್ಣಿನದು, ಹೋಗದಿದ್ದರೆ ಕೈಯದು. ಕಣ್ಣಿನದಾದರೆ ಬಣ್ಣದ ಚಿತ್ರದಲ್ಲಿ ಹಿಡಿಕೆಯನ್ನು ಗುರುತಿಸಿ, ಆಳವನ್ನು ಕದದ ಸಮತಲದಿಂದ ಲೆಕ್ಕ ಹಾಕಿ.

ಇನ್ನೊಂದು ಎಚ್ಚರಿಕೆ: ಡೆಪ್ತ್ ಕ್ಯಾಮೆರಾಗಳಿಗೆ ಕನಿಷ್ಠ ದೂರ ಎಂಬುದಿದೆ, ಅದಕ್ಕಿಂತ ಹತ್ತಿರದ್ದು ಕಾಣದು. ಕೈ ಹತ್ತಿರವಾದಾಗ ಚಿತ್ರ ಖಾಲಿಯಾಗುತ್ತದೆ. ಕೊನೆಯ ಹತ್ತಿಪ್ಪತ್ತು ಸೆಂಟಿಮೀಟರನ್ನು ಸ್ಪರ್ಶದಿಂದ ಮುಗಿಸಿ: ನಿಧಾನ ಮುಂದೆ ಸಾಗಿ, ಬಲ ಸೆನ್ಸರ್ 3ರಿಂದ 5 ನ್ಯೂಟನ್ ತೋರಿಸಿದಾಗ ನಿಲ್ಲಿ.

ಉದ್ದ ಹಿಡಿಕೆಯಾದರೆ ಬಿಗಿಯಾಗಿ ಹಿಡಿಯುವ ಅಗತ್ಯವೇ ಇಲ್ಲ, ಮೇಲಿನಿಂದ ಕೊಕ್ಕೆಯಂತೆ ಬೆರಳು ಹಾಕಿ ಒತ್ತಿದರೆ ಸಾಕು. ಗುಂಡು ಹಿಡಿಕೆಗೆ ಮಾತ್ರ ಹಿಡಿತ ಬೇಕು, ಬೆರಳಿನ ತುದಿಗೆ ರಬ್ಬರ್ ಬೇಕು, ತಿರುಗಿಸುವಾಗ ಮಣಿಕಟ್ಟಿನ ಅಕ್ಷ ಹಿಡಿಕೆಯ ಅಕ್ಷದ ಮೇಲೇ ಇರಬೇಕು.

## ಹಂತ 5: ಚಿಲಕ ಬಿಟ್ಟಿತೇ?

ಹಿಡಿಕೆಯನ್ನು ಇಂತಿಷ್ಟು ಡಿಗ್ರಿ ತಿರುಗಿಸಿದೆ, ಇನ್ನು ಎಳೆಯಬಹುದು ಎಂದು ಬರೆದ ಕೋಡ್ ಒಂದು ಬಾಗಿಲಿಗೆ ಸರಿಹೋಗುತ್ತದೆ, ಪಕ್ಕದ ಬಾಗಿಲಿಗೆ ಹೋಗುವುದಿಲ್ಲ. ಕೋನವನ್ನಲ್ಲ, ಬಲವನ್ನು ನೋಡಿ. ಹಿಡಿಕೆ ತನ್ನ ಕೊನೆ ಮುಟ್ಟಿದಾಗ ಟಾರ್ಕ್ (ತಿರುಗಿಸುವ ಬಲ) ಥಟ್ಟನೆ ಏರುತ್ತದೆ, ಅಲ್ಲಿ ನಿಲ್ಲಿಸಿ. ಹಿಡಿಕೆಯನ್ನು ಹಾಗೇ ಒತ್ತಿ ಹಿಡಿದು ಕದವನ್ನು 2 ಸೆಂಟಿಮೀಟರ್ ಮಾತ್ರ ಸರಿಸಿ ನೋಡಿ. ಕದ ಬಂದರೆ ಚಿಲಕ ಬಿಟ್ಟಿದೆ. ಬಲ ಏರುತ್ತಲೇ ಹೋಗಿ ಕದ ಅಲುಗದಿದ್ದರೆ ಮೂರರಲ್ಲಿ ಒಂದು: ನಾಲಿಗೆ ಪೂರ್ತಿ ಒಳಗೆ ಹೋಗಿಲ್ಲ, ಬೀಗ ಹಾಕಿದೆ, ಅಥವಾ ತಳ್ಳಬೇಕಾದಲ್ಲಿ ಎಳೆಯುತ್ತಿದ್ದೀರಿ.

ಎರಡು ಸಲ ಪ್ರಯತ್ನ, ಮೂರನೆಯದಕ್ಕೆ ಬಿಡಿ. ಬೀಗ ಹಾಕಿದ ಬಾಗಿಲನ್ನು ಹತ್ತು ಸಲ ಜಗ್ಗಾಡುವ ರೋಬೋಟನ್ನು ಯಾರೂ ಹತ್ತಿರ ಸೇರಿಸುವುದಿಲ್ಲ.

ಚಿಲಕ ಬಿಟ್ಟ ಮೇಲೆ ಕದ 10 ಡಿಗ್ರಿ ಬರುವವರೆಗೆ ಹಿಡಿಕೆಯನ್ನು ಒತ್ತಿಯೇ ಇರಿ. ಮೊದಲೇ ಬಿಟ್ಟರೆ ಕ್ಲೋಸರ್ ಕದವನ್ನು ಹಿಂದಕ್ಕೆಳೆದು ನಾಲಿಗೆಯನ್ನು ಮತ್ತೆ ಅದರ ಗೂಡಿಗೆ ಸೇರಿಸುತ್ತದೆ.

## ಹಂತ 6: ಕದ ತಿರುಗಿಸುವುದು

ಹಿಡಿಕೆ ಒಂದು ವೃತ್ತದ ಮೇಲೆ ಚಲಿಸುತ್ತದೆ. ಕೈ ಆ ವೃತ್ತದ ಹೊರಗೆ ಒಂದು ಸೆಂಟಿಮೀಟರ್ ಹೋಗಲು ನೋಡಿದರೂ ಹಿಂಜ್ ಬಿಡುವುದಿಲ್ಲ, ಬಲವೆಲ್ಲ ಹಿಂಜ್ ಮತ್ತು ಮಣಿಕಟ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಕೈಯನ್ನು ಚಾಪದ ದಿಕ್ಕಿನಲ್ಲಿ ಗಟ್ಟಿಯಾಗಿ, ಹಿಂಜ್ ಕಡೆಗಿನ ದಿಕ್ಕಿನಲ್ಲಿ ಮೆತ್ತಗೆ ಇಡಬೇಕು. ಇಂಪೀಡೆನ್ಸ್ ಕಂಟ್ರೋಲ್ ಎನ್ನುವುದು ಇಲ್ಲಿ ಮಾಡುವ ಕೆಲಸ ಇಷ್ಟೇ.

ತ್ರಿಜ್ಯ ಗೊತ್ತಿಲ್ಲದಿದ್ದಾಗ ಕೈ ಸಾಗಿದ ಬಿಂದುಗಳಿಗೆ ವೃತ್ತ ಹೊಂದಿಸಿ ಕಂಡುಕೊಳ್ಳುವ ಉಪಾಯವಿದೆ. ಒಳ್ಳೆಯದೇ, ಆದರೆ ಆತುರ ಬೇಡ. 82 ಸೆಂಟಿಮೀಟರ್ ತ್ರಿಜ್ಯದಲ್ಲಿ 5 ಡಿಗ್ರಿ ಸಾಗಿದಾಗ ಚಾಪದ ಬಾಗು ಒಂದು ಮಿಲಿಮೀಟರ್‌ಗೂ ಕಡಿಮೆ, ಅದು ಗ್ರಿಪ್ಪರಿನ ಸಡಿಲದಲ್ಲೇ ಮುಳುಗಿಹೋಗುತ್ತದೆ. 15 ಡಿಗ್ರಿಗೆ ಬಾಗು ಸುಮಾರು 7 ಮಿಲಿಮೀಟರ್ ಆಗುತ್ತದೆ. ಅಲ್ಲಿಯವರೆಗೆ ಟೇಪಿನಿಂದ ಅಳೆದ ಅಂಕಿಯನ್ನೇ ನಂಬಿ.

ತಳ್ಳುವ ಬಾಗಿಲಲ್ಲಿ ಕದ ಸ್ವಲ್ಪ ತೆರೆದ ಮೇಲೆ ಹಿಡಿಕೆ ಬಿಟ್ಟು, ಮುಂಗೈಯಿಂದಲೋ ತಳಕ್ಕೆ ಜೋಡಿಸಿದ ರಬ್ಬರ್ ಬಂಪರಿನಿಂದಲೋ ತಳ್ಳಿ. ತಳ್ಳುವ ಬಿಂದು ಹಿಂಜ್‌ನಿಂದ ದೂರವಿರಲಿ. ಹಿಡಿಕೆಯ ಬಳಿ 22 ನ್ಯೂಟನ್ ಸಾಕಾಗುವ ಕದಕ್ಕೆ, ಹಿಂಜ್‌ನಿಂದ ಅರ್ಧ ದೂರದಲ್ಲಿ ತಳ್ಳಿದರೆ 44 ಬೇಕು. ಎಳೆಯುವ ಬಾಗಿಲಲ್ಲಿ ಹಿಡಿಕೆ ಬಿಟ್ಟಕೂಡಲೇ ಕ್ಲೋಸರ್ ಕದವನ್ನು ಮುಚ್ಚಲು ಹೊರಡುತ್ತದೆ, ಹಾಗಾಗಿ ಹಿಡಿಕೆ ಬಿಡುವ ಮೊದಲೇ ತಳದ ಒಂದು ಮೂಲೆಯನ್ನೋ ಎರಡನೇ ಕೈಯನ್ನೋ ಕದದ ಒಳಬದಿಗೆ ತಂದಿಟ್ಟಿರಬೇಕು. ಒಂದೇ ಕೈಯ ರೋಬೋಟಿಗೆ ಕ್ಲೋಸರ್ ಇರುವ ಎಳೆಯುವ ಬಾಗಿಲು ನಿಜಕ್ಕೂ ಕಷ್ಟ. ಮೊದಲ ಅಭ್ಯಾಸಕ್ಕೆ ಅದನ್ನು ಆರಿಸಬೇಡಿ.

ಕದಕ್ಕೆ ಬೆಣೆ ಇಟ್ಟು ಕೆಲಸ ಸುಲಭ ಮಾಡಿಕೊಳ್ಳುವ ಆಸೆಯಾಗುತ್ತದೆ. ಬೆಂಕಿ ತಡೆಯುವ ಬಾಗಿಲಿಗೆ ಅದನ್ನು ಎಂದೂ ಮಾಡಬೇಡಿ. ಹೊಗೆಯನ್ನು ತಡೆಯುವುದು ಆ ಕ್ಲೋಸರ್ ಮುಚ್ಚಿದ ಕದವೇ.

## ಹಂತ 7: ದಾಟುವುದು

ಮೊದಲು ಕೋನ. 60 ಡಿಗ್ರಿ ತೆರೆದರೆ ಮೂರರಲ್ಲಿ ಎರಡು ಪಾಲು ದಾರಿ ಸಿಕ್ಕಿತು ಎನಿಸುತ್ತದೆ. ಹಾಗಲ್ಲ. 90 ಸೆಂಟಿಮೀಟರ್ ಕದ 60 ಡಿಗ್ರಿಯಲ್ಲಿ ನೇರವಾಗಿ ಹೋಗಲು ಬಿಡುವುದು 45 ಸೆಂಟಿಮೀಟರ್, 75 ಡಿಗ್ರಿಯಲ್ಲಿ ಸುಮಾರು 67. ಪೂರ್ತಿ ತೆರೆದಾಗಲೂ ಕದದ ದಪ್ಪ ಒಂದಿಷ್ಟು ತಿನ್ನುತ್ತದೆ, ಒಳಬದಿಯ ಹಿಡಿಕೆ ಇನ್ನೊಂದಿಷ್ಟು.

ಆಮೇಲೆ ನೇರ. 50 ಸೆಂಟಿಮೀಟರ್ ಅಗಲ, 70 ಉದ್ದದ ರೋಬೋಟ್ 5 ಡಿಗ್ರಿ ಓರೆಯಾದರೆ ದಾರಂದದಲ್ಲಿ 56 ಸೆಂಟಿಮೀಟರ್ ಜಾಗ ಕೇಳುತ್ತದೆ. ದಾರಂದದ ಈಚೆಗೊಂದು, ಆಚೆಗೊಂದು ಬಿಂದು ಇಟ್ಟು, ಈಚೆಯ ಬಿಂದುವಿನಲ್ಲಿ ಪೂರ್ತಿ ನೇರವಾದ ಮೇಲೆಯೇ ಹೊರಡಿಸಿ. ನಡುವೆ ತಿರುವು ಇರಬಾರದು.

ನ್ಯಾವ್2 ಎಂಬುದು ರೋಬೋಟಿಗೆ ದಾರಿ ಯೋಜಿಸುವ ತಂತ್ರಾಂಶ. ಅದು ಕಾಸ್ಟ್‌ಮ್ಯಾಪ್ ಎಂಬ ನಕ್ಷೆಯ ಪ್ರತಿ ಕೋಶಕ್ಕೂ ಒಂದು ಬೆಲೆ ಹಾಕಿ ಅಗ್ಗದ ದಾರಿ ಹುಡುಕುತ್ತದೆ; ಅಡೆತಡೆಯ ಸುತ್ತ ಆ ಬೆಲೆ ಎಷ್ಟು ದೂರ ಹರಡಬೇಕು ಎಂಬುದೇ ಇನ್‌ಫ್ಲೇಶನ್ ರೇಡಿಯಸ್. ನ್ಯಾವ್2 ಬಳಸುವವರು ಇಲ್ಲಿ ಮಾಡುವ ತಪ್ಪು ಒಂದೇ. ರೋಬೋಟ್ ಬಾಗಿಲಲ್ಲಿ ಹಿಂಜರಿದರೆ ಇನ್‌ಫ್ಲೇಶನ್ ರೇಡಿಯಸ್ ಕಡಿಮೆ ಮಾಡುತ್ತಾರೆ. ಆಗ ದಾರಂದದ ನಡುವೆ ಎಲ್ಲ ಜಾಗವೂ ಸಮಾನ ಅಗ್ಗವಾಗಿ, ದಾರಿ ಒಂದು ಬದಿಗೆ ಅಂಟಿಕೊಂಡು ಹೋಗುತ್ತದೆ. ದಾರಿಯನ್ನು ಮುಚ್ಚುವುದು ಇನ್‌ಫ್ಲೇಶನ್ ಅಲ್ಲ, 253 ಮತ್ತು 254 ಬೆಲೆಯ ಕೋಶಗಳು, ಅಂದರೆ ರೋಬೋಟಿನ ಒಳತ್ರಿಜ್ಯದೊಳಗೆ ಬರುವ ಜಾಗ ಮತ್ತು ಅಡೆತಡೆ. ಆದ್ದರಿಂದ ಮೊದಲು ಫುಟ್‌ಪ್ರಿಂಟ್ (ನೆಲದ ಮೇಲೆ ರೋಬೋಟಿನ ಆಕಾರ) ಅಳತೆ ನಿಜವೇ ನೋಡಿ, ಆಮೇಲೆ ರೇಡಿಯಸ್ಸನ್ನು ದೊಡ್ಡದಾಗಿಯೇ ಇಟ್ಟು, ಬೆಲೆ ನಿಧಾನವಾಗಿ ಇಳಿಯುವಂತೆ ಮಾಡಿ. ದಾರಂದದ ಎರಡೂ ಕಡೆಯಿಂದ ಇಳಿದ ಬೆಲೆಗಳು ಸೇರುವ ಕಣಿವೆ ಸರಿಯಾಗಿ ಮಧ್ಯದಲ್ಲಿ ಬೀಳುತ್ತದೆ, ದಾರಿ ತಾನಾಗಿ ಅಲ್ಲೇ ಹರಿಯುತ್ತದೆ.

ಕದ ತೆರೆದ ಮೇಲೂ ಕಾಸ್ಟ್‌ಮ್ಯಾಪಿನಲ್ಲಿ ಮುಚ್ಚಿದ ಕದ ಕಾಣುತ್ತಿದೆಯೇ? ಬಾಗಿಲಾಚೆ ಉದ್ದ ಕಾರಿಡಾರ್ ಇದ್ದು ಕಿರಣ ಮರಳದಿದ್ದರೆ ಹಳೆಯ ಗುರುತು ಅಳಿಯುವುದಿಲ್ಲ. ಮರಳದ ಕಿರಣವನ್ನೂ "ಖಾಲಿ" ಎಂದು ಎಣಿಸುವ ಸೆಟ್ಟಿಂಗ್ ಆನ್ ಮಾಡಿ, ಆದರೆ ಗಾಜಿನ ಬಾಗಿಲಿರುವ ಕಡೆ ಇದೇ ಸೆಟ್ಟಿಂಗ್ ಅಪಾಯ ಎಂಬುದು ನೆನಪಿರಲಿ. ಕದ ತಳ್ಳುವಾಗ ಇಡೀ ಅಡೆತಡೆ ಪತ್ತೆಯನ್ನೇ ಆಫ್ ಮಾಡುವವರಿದ್ದಾರೆ. ಕದ ಇರುವ ಸಮತಲದ ಬಿಂದುಗಳನ್ನಷ್ಟೇ ತೆಗೆಯಿರಿ, ಉಳಿದದ್ದು ಮನುಷ್ಯರಿಗಾಗಿ ಎಚ್ಚರವಾಗಿರಲಿ.

ಹೊಸ್ತಿಲಲ್ಲಿ ಚಕ್ರ ಜಾರಿ ಓಡೋಮೆಟ್ರಿ (ಚಕ್ರದ ತಿರುವಿನಿಂದ ಸ್ಥಾನ ಎಣಿಸುವ ಲೆಕ್ಕ) ತಪ್ಪುತ್ತದೆ, ದಾಟಿದ ಮೇಲೆ ಲಿಡಾರ್‌ನಿಂದ ಸ್ಥಾನ ಸರಿಪಡಿಸಿಕೊಳ್ಳುವವರೆಗೆ ವೇಗ ಹೆಚ್ಚಿಸಬೇಡಿ. 2015ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ನಡೆಸಿದ ರೋಬೋಟಿಕ್ಸ್ ಚಾಲೆಂಜ್ ಸ್ಪರ್ಧೆಯ ಫೈನಲ್‌ನಲ್ಲಿ ಚಿಂಪ್‌ನಂಥ ಭಾರಿ ರೋಬೋಟ್ ಕೂಡ ಬಾಗಿಲಲ್ಲೇ ಬಿದ್ದು, ಮತ್ತೆ ತಾನೇ ಎದ್ದು ಸಾಗಿತ್ತು. ನಿಮ್ಮದಕ್ಕೆ ಏಳಲು ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ.

## ಆಟೋಮ್ಯಾಟಿಕ್ ಬಾಗಿಲುಗಳಿಗೆ

ಕೈಯ ಕೆಲಸವಿಲ್ಲ, ಮಾತುಕತೆ ಮಾತ್ರ. ರೋಬೋಟ್, ಬಾಗಿಲು, ಲಿಫ್ಟ್‌ಗಳನ್ನು ಒಟ್ಟಿಗೆ ಹೊಂದಿಸುವ ತಂತ್ರಾಂಶವಾದ ಓಪನ್-ಆರ್‌ಎಂಎಫ್‌ನಲ್ಲಿ ಬಾಗಿಲಿಗೆ ಮುಚ್ಚಿದೆ, ಚಲಿಸುತ್ತಿದೆ, ತೆರೆದಿದೆ ಎಂಬ ಸ್ಥಿತಿಗಳಿವೆ. "ತೆರೆದಿದೆ" ಬರುವವರೆಗೆ ಕಾಯಿರಿ, "ಚಲಿಸುತ್ತಿದೆ"ಗೆ ಹೊರಡಬೇಡಿ. ತೆರೆದಿರು ಎಂಬ ಕೋರಿಕೆಯನ್ನು ರೋಬೋಟಿನ ಹಿಂಭಾಗ ದಾರಂದ ದಾಟುವವರೆಗೆ ಕಳಿಸುತ್ತಲೇ ಇರಿ. ಜೊತೆಗೆ ರೋಬೋಟಿನ ಕಣ್ಣೂ ಒಪ್ಪಬೇಕು, ಬಾಗಿಲು ತೆರೆದಿದೆ ಎಂದು ಸರ್ವರ್ ಹೇಳಿದರೂ ಕದ ಯಾವುದಕ್ಕೋ ಸಿಕ್ಕಿಕೊಂಡಿರಬಹುದು.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಮಣಿಕಟ್ಟು ಸಣ್ಣಗೆ ನಡುಗತೊಡಗಿದರೆ ಕೈ ಚಾಪದಿಂದ ಹೊರಗೆ ಎಳೆಯುತ್ತಿದೆ. ಕದ ಅಲುಗದೆ ಚಕ್ರ ತಿರುಗುತ್ತಿದ್ದರೆ ನೆಲದ ಹಿಡಿತ ಹೋಗಿದೆ. ಐಎಂಯು (ವಾಲಿಕೆ ಅಳೆಯುವ ಸೆನ್ಸರ್) 3 ಡಿಗ್ರಿಗಿಂತ ಹೆಚ್ಚು ಓರೆ ತೋರಿಸಿದರೆ ಮಗುಚುವ ದಾರಿಯಲ್ಲಿದೆ, ಕೈಯ ಬಲವನ್ನು ನಿಧಾನ ಇಳಿಸಿ, ಥಟ್ಟನೆ ಬಿಡಬೇಡಿ. ತೆರೆಯುತ್ತಿದ್ದ ಕದ ಇದ್ದಕ್ಕಿದ್ದಂತೆ ಹಗುರಾದರೆ ಆಚೆಯಿಂದ ಯಾರೋ ಅದನ್ನು ಹಿಡಿದಿದ್ದಾರೆ. ಇದ್ದಕ್ಕಿದ್ದಂತೆ ಭಾರವಾದರೆ ಆಚೆ ಯಾರೋ ನಿಂತಿದ್ದಾರೆ. ಕೊನೆಯ ಎರಡರಲ್ಲೂ ರೋಬೋಟ್ ಕೈ ಸಡಿಲಿಸಿ, ಅರ್ಧ ಮೀಟರ್ ಹಿಂದೆ ಸರಿದು, ಹಂತ 2ರಿಂದ ಮತ್ತೆ ಶುರುಮಾಡಬೇಕು. ನಿಂತಲ್ಲಿಂದಲೇ ಮುಂದುವರಿಸಬಾರದು, ಏಕೆಂದರೆ ಕದದ ಕೋನ ಈಗ ಅದಕ್ಕೆ ಗೊತ್ತಿರುವುದಲ್ಲ.